ಗುಂಡಿಲ್ಲದ ಪಿಸ್ತೂಲು: ‘ಜಾನ್ ವಿಕ್ 2’ ಹಿಂದಿರುವ ಡ್ಯೂಪ್‌ಗಳ ಚರಿತ್ರೆ

2017ರ ಫೆಬ್ರವರಿ 10ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ಜಾನ್ ವಿಕ್: ಚಾಪ್ಟರ್ 2’ ಸಿನಿಮಾ ಶುರುವಾಗುವುದೇ ಇನ್ನೊಂದು ಸಿನಿಮಾದಿಂದ. ನ್ಯೂಯಾರ್ಕ್ ನಗರದ ರಾತ್ರಿ. ದೊಡ್ಡ ಕಟ್ಟಡವೊಂದರ ಗೋಡೆ ಮೇಲೆ ಕಪ್ಪು-ಬಿಳುಪಿನ ಹಳೇ ಮೂಕಿಚಿತ್ರ ಓಡುತ್ತಿರುತ್ತದೆ. ಅದರಲ್ಲಿರುವ ವ್ಯಕ್ತಿ ಬಸ್ಟರ್ ಕೀಟನ್. ಅದನ್ನು ಗುರುತಿಸುವ ಮೊದಲೇ ಕೆಳಗಿನ ರಸ್ತೆಯಲ್ಲಿ ಬೈಕು, ಹಿಂದೆ ಕಾರು ನುಗ್ಗಿ ಬರುತ್ತವೆ. ಆಮೇಲೆ ಎರಡು ಗಂಟೆ ಗುಂಡಿನ ಸದ್ದು ನಿಲ್ಲುವುದಿಲ್ಲ.

ಕಥೆ ನಿಮಗೆ ಗೊತ್ತಿರಬಹುದು. ಮೊಬೈಲಿನಲ್ಲಿ ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿದವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. 2014ರ ಮೊದಲ ಭಾಗದಲ್ಲಿ, ತೀರಿಹೋದ ಹೆಂಡತಿ ಕೊನೆಯ ಉಡುಗೊರೆಯಾಗಿ ಕಳಿಸಿದ್ದ ನಾಯಿಮರಿಯನ್ನು ಕೊಂದವರ ಮೇಲೆ ಜಾನ್ ವಿಕ್ ಸೇಡು ತೀರಿಸಿಕೊಳ್ಳುತ್ತಾನೆ. ಎರಡನೇ ಭಾಗದಲ್ಲಿ ಹಳೇ ಋಣವೊಂದನ್ನು ಹಿಡಿದುಕೊಂಡು ಇಟಲಿಯವನೊಬ್ಬ ಬರುತ್ತಾನೆ, ಇವನು ಒಪ್ಪದಿದ್ದಾಗ ಮನೆಯನ್ನೇ ಸುಟ್ಟುಹಾಕುತ್ತಾನೆ. ಅಲ್ಲಿಂದ ರೋಮ್, ಮತ್ತೆ ನ್ಯೂಯಾರ್ಕ್. ಸುಮಾರು 4 ಕೋಟಿ ಡಾಲರ್ ಖರ್ಚಿನ ಈ ಚಿತ್ರ ಜಗತ್ತಿನಾದ್ಯಂತ 17 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಕಥೆ ಅಷ್ಟೇ, ಅದರಲ್ಲಿ ಹೆಚ್ಚೇನೂ ಹುಡುಕಬೇಕಾಗಿಲ್ಲ.

ಆದರೆ ಗೋಡೆ ಮೇಲಿನ ಆ ಮೂಕಿಚಿತ್ರವನ್ನು ಸುಮ್ಮನೆ ಇಟ್ಟಿಲ್ಲ. ಈ ಸಿನಿಮಾದ ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಮೂಲತಃ ಸ್ಟಂಟ್‌ಮನ್. ನಮ್ಮ ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ಡ್ಯೂಪ್. ಹೀರೋ ಬೀಳಬೇಕಾದಲ್ಲಿ ತಾನು ಬೀಳುವವನು, ಮುಖ ಮಾತ್ರ ಕ್ಯಾಮೆರಾಕ್ಕೆ ಕಾಣದಂತೆ ನೋಡಿಕೊಳ್ಳುವವನು. ಅಂಥವನು ತನ್ನ ಕಸುಬಿನ ಹಿರಿಯನನ್ನು ಮೊದಲ ದೃಶ್ಯದಲ್ಲೇ ನೆನೆದಿದ್ದಾನೆ.

ಬಸ್ಟರ್ ಕೀಟನ್ 1895ರಲ್ಲಿ ಹುಟ್ಟಿದ್ದು ಊರೂರು ಸುತ್ತಿ ಆಟ ಆಡುವ ಕುಟುಂಬದಲ್ಲಿ. ರಂಗದ ಮೇಲೆ ಅಪ್ಪ ಈ ಪುಟ್ಟ ಹುಡುಗನನ್ನು ಎತ್ತಿ ಎಸೆಯುವುದೇ ಅವರ ಆಟ. ಬೀಳುವುದನ್ನು ಅವನು ಅಲ್ಲೇ ಕಲಿತ. ಸಿನಿಮಾಕ್ಕೆ ಬಂದ ಮೇಲೆ ತನ್ನ ಸಾಹಸಗಳನ್ನು ತಾನೇ ಮಾಡಿದ, ಕೆಲವು ಸಲ ಬೇರೆಯವರಿಗೂ ಡ್ಯೂಪ್ ಆದ. 1924ರ ‘ಶೆರ್ಲಾಕ್ ಜೂನಿಯರ್’ ಚಿತ್ರದಲ್ಲಿ ರೈಲಿನ ನೀರಿನ ಟ್ಯಾಂಕಿನ ಕೊಳವೆಗೆ ಜೋತುಬೀಳುವ ದೃಶ್ಯವಿದೆ. ನೀರು ರಭಸದಿಂದ ಸುರಿದು ಅವನನ್ನು ಹಳಿಯ ಮೇಲೆ ಕೆಡವಿತು. ತಲೆನೋವು ಅಂದುಕೊಂಡು ಕೆಲಸ ಮುಂದುವರಿಸಿದ. ಕುತ್ತಿಗೆಯ ಮೂಳೆ ಮುರಿದಿತ್ತು ಎಂದು ಗೊತ್ತಾಗಿದ್ದು ವರ್ಷಗಳ ನಂತರ, ಎಕ್ಸ್-ರೇ ತೆಗೆದಾಗ. ಆ ದೃಶ್ಯ ಚಿತ್ರದಲ್ಲಿ ಹಾಗೇ ಉಳಿದಿದೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಂತೂ ಇಡೀ ಮನೆಯ ಮುಂಗೋಡೆ ಅವನ ಮೇಲೆ ಕುಸಿಯುತ್ತದೆ. ಅವನು ಬದುಕಿದ್ದು ಕಿಟಕಿಯ ಕಿಂಡಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದಿದ್ದರಿಂದ. ಕಂಪ್ಯೂಟರ್ ಇರಲಿಲ್ಲ, ಗೋಡೆ ನಿಜವಾದದ್ದು.

ಅವನ ನಂತರ ಈ ಕಸುಬಿಗೆ ಲೆಕ್ಕಾಚಾರ ತಂದವರಲ್ಲಿ ದೊಡ್ಡ ಹೆಸರು ಯಾಕಿಮಾ ಕನಟ್. ಕುದುರೆ ಪಳಗಿಸುವ ಸ್ಪರ್ಧೆಗಳಲ್ಲಿ ಗೆದ್ದು ಬಂದವನು. 1939ರ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಓಡುವ ಕುದುರೆಗಳ ಕಾಲ ನಡುವೆ ನೆಲಕ್ಕೆ ಬಿದ್ದು, ಗಾಡಿ ಪೂರ್ತಿ ತನ್ನ ಮೇಲೆ ಹಾದುಹೋಗುವ ತನಕ ಅಂಗಾತ ಮಲಗಿದ್ದ. ಧೈರ್ಯಕ್ಕಿಂತ ಹೆಚ್ಚಾಗಿ ಅಳತೆಯ ಕೆಲಸ ಅದು. ಕುದುರೆ ಜೋಡಿಗಳ ನಡುವೆ ಎಷ್ಟು ಜಾಗ, ಗಾಡಿಯ ವೇಗ ಎಷ್ಟು, ಎಲ್ಲವನ್ನೂ ಮೊದಲೇ ನೋಡಿಕೊಂಡಿದ್ದ. ಹೊಡೆತ ತಾಗದೆ ತಾಗಿದಂತೆ ಕಾಣುವ ಫೈಟಿಂಗ್ ವಿಧಾನ ರೂಪಿಸಿದ್ದರಲ್ಲೂ ಅವನ ಪಾಲಿದೆ. 1966ನೇ ಸಾಲಿನ ಗೌರವ ಆಸ್ಕರ್ ಅವನಿಗೆ ಸಿಕ್ಕಿತು.

ಕುದುರೆ, ಗೋಡೆ, ನೀರು ಇವುಗಳ ಅಪಾಯ ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನದ್ದು ಹಾಗಲ್ಲ.

ಬ್ರೂಸ್ ಲೀ ಹೆಸರು ಕೇಳದವರಿಲ್ಲ. 1973ರ ಜುಲೈನಲ್ಲಿ, ‘ಎಂಟರ್ ದಿ ಡ್ರಾಗನ್’ ಅಮೆರಿಕದ ತೆರೆಗೆ ಬರುವ ಮುನ್ನವೇ ಅವನು ತೀರಿಕೊಂಡ. ಆಗ ಮಗ ಬ್ರ್ಯಾಂಡನ್‌ಗೆ ಎಂಟು ವರ್ಷ. ಬ್ರ್ಯಾಂಡನ್ ಬೆಳೆದು ಅಪ್ಪನ ಒಡನಾಡಿ ಡ್ಯಾನ್ ಇನೊಸಾಂಟೊ ಅವರ ತರಬೇತಿ ಶಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ಅದೇ ಶಾಲೆಯಲ್ಲಿ ಚಾಡ್ ಸ್ಟಹೆಲ್ಸ್ಕಿಯೂ ಇದ್ದ. ಇಬ್ಬರಿಗೂ ಪರಿಚಯವಿತ್ತು.

1993ರಲ್ಲಿ ಬ್ರ್ಯಾಂಡನ್ ಲೀ ‘ದಿ ಕ್ರೋ’ ಎಂಬ ಚಿತ್ರದಲ್ಲಿ ನಾಯಕ. ಕೊಲೆಯಾದ ಯುವಕನೊಬ್ಬ ಸಾವಿನಿಂದ ಎದ್ದುಬಂದು ಸೇಡು ತೀರಿಸಿಕೊಳ್ಳುವ ಕಥೆ. ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಊರಿನ ಸ್ಟುಡಿಯೊದಲ್ಲಿ ಶೂಟಿಂಗ್ ಮುಗಿಯುತ್ತಾ ಬಂದಿತ್ತು. ಮನೆ ಸಾಮಾನಿನ ಚೀಲ ಹಿಡಿದು ನಾಯಕ ಬಾಗಿಲಲ್ಲಿ ಬರುತ್ತಾನೆ, ಒಳಗಿದ್ದ ಪುಂಡರಲ್ಲೊಬ್ಬ ಗುಂಡು ಹಾರಿಸುತ್ತಾನೆ. ಇದು ದೃಶ್ಯ. ಗುಂಡು ಹಾರಿತು, ಬ್ರ್ಯಾಂಡನ್ ಬಿದ್ದ. ಚೆನ್ನಾಗಿ ಬಿದ್ದ ಎಂದೇ ಸುತ್ತ ಇದ್ದವರು ಅಂದುಕೊಂಡರು. ಅವನು ಏಳಲಿಲ್ಲ. ಮಾರ್ಚ್ 31ರಂದು ಆಸ್ಪತ್ರೆಯಲ್ಲಿ ಸತ್ತಾಗ ವಯಸ್ಸು 28.

ಹೇಗಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೋಟಾದಲ್ಲಿ ಮೂರು ಭಾಗ: ಮುಂದೆ ಸೀಸದ ಗುಂಡು, ಒಳಗೆ ಮದ್ದು, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು. ಕ್ಯಾಮೆರಾ ಹತ್ತಿರದಿಂದ ರಿವಾಲ್ವರ್ ತೋರಿಸುವಾಗ ಒಳಗೆ ತೋಟಾ ಕಾಣಬೇಕು. ಅದಕ್ಕೆ ಮದ್ದಿಲ್ಲದ ನಕಲಿ ತೋಟಾ ಹಾಕುತ್ತಾರೆ. ಅಲ್ಲಿ ಅಸಲಿ ತೋಟಾಗಳನ್ನೇ ಬಿಚ್ಚಿ, ಮದ್ದು ಚೆಲ್ಲಿ, ಗುಂಡನ್ನು ಮತ್ತೆ ಕೂರಿಸಿದ್ದರು. ಹಿಂದಿನ ಕೇಪು ಹಾಗೇ ಉಳಿದಿತ್ತು. ಯಾವಾಗಲೋ ಟ್ರಿಗರ್ ಎಳೆದಾಗ ಆ ಕೇಪಿನ ಸಣ್ಣ ಸಿಡಿತಕ್ಕೆ ಗುಂಡು ಹೊರಗೆ ಹಾರದೆ ನಳಿಕೆಯಲ್ಲಿ ಸಿಕ್ಕಿಕೊಂಡಿತು. ಯಾರೂ ನಳಿಕೆಯೊಳಗೆ ಇಣುಕಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬ್ಲಾಂಕ್ ತೋಟಾ ತುಂಬಿದರು. ಬ್ಲಾಂಕ್ ಎಂದರೆ ಗುಂಡಿಲ್ಲ, ಮದ್ದು ಪೂರ್ತಿ ಇದೆ. ಆ ಮದ್ದು ಸಿಕ್ಕಿಕೊಂಡಿದ್ದ ಗುಂಡನ್ನು ನೂಕಿತು. ಎರಡು ಅರ್ಧ ತಪ್ಪು ಸೇರಿ ಒಂದು ಪೂರ್ತಿ ತೋಟಾ ಆಯಿತು.

ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಸರ್ಕಾರದ ಕಾರ್ಮಿಕ ಸುರಕ್ಷತಾ ವಿಭಾಗ ನಿರ್ಮಾಣ ಸಂಸ್ಥೆಗೆ ದಂಡ ಹಾಕಿತು, ಅಷ್ಟೆ. ಚಿತ್ರ ಮುಗಿಸಬೇಕಿತ್ತು. ಉಳಿದ ದೃಶ್ಯಗಳಿಗೆ ಬ್ರ್ಯಾಂಡನ್ ಜಾಗದಲ್ಲಿ ನಿಲ್ಲಲು ಕರೆದವರಲ್ಲಿ ಸ್ಟಹೆಲ್ಸ್ಕಿ ಒಬ್ಬ. ಮೈಕಟ್ಟು, ನಡಿಗೆ ಹೋಲುತ್ತಿತ್ತು, ಜೊತೆಗೆ ಅಭ್ಯಾಸ ಮಾಡಿದವನು ಬೇರೆ. ಕೆಲವು ಕಡೆ ಅವನ ಮೈಗೆ ಬ್ರ್ಯಾಂಡನ್ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಿದರು. ಸತ್ತ ಗೆಳೆಯನ ವೇಷ ತೊಟ್ಟು, ಸತ್ತು ಎದ್ದುಬಂದವನ ಪಾತ್ರ ಮಾಡುವುದು. ಡ್ಯೂಪ್ ಕೆಲಸದಲ್ಲಿ ಇದಕ್ಕಿಂತ ಭಾರದ ದಿನ ಇನ್ನೊಂದಿರಲಾರದು ಎಂದು ನನಗೆ ಅನ್ನಿಸುತ್ತದೆ. ‘ದಿ ಕ್ರೋ’ 1994ರಲ್ಲಿ ಬಿಡುಗಡೆಯಾಗಿ ಗೆದ್ದಿತು.

ಮುಂದೆ ಸ್ಟಹೆಲ್ಸ್ಕಿಗೆ ಸಿಕ್ಕ ದೊಡ್ಡ ಕೆಲಸ 1999ರ ‘ದಿ ಮೇಟ್ರಿಕ್ಸ್’, ಕಿಯಾನು ರೀವ್ಸ್‌ಗೆ ಡ್ಯೂಪ್. ಅಲ್ಲಿಗೆ ಹಾಂಗ್‌ಕಾಂಗಿನಿಂದ ಫೈಟ್ ಮಾಸ್ಟರ್ ಯುಎನ್ ವೂ-ಪಿಂಗ್ ಬಂದಿದ್ದರು. ನಟರನ್ನೇ ತಿಂಗಳುಗಟ್ಟಲೆ ತಾಲೀಮಿಗೆ ಹಾಕಿ, ಆಮೇಲೆ ಕ್ಯಾಮೆರಾ ತಿರುಗಿಸುವುದು ಅವರ ಕಡೆಯ ಪದ್ಧತಿ. ಎರಡು ಕೈಯಲ್ಲೂ ಪಿಸ್ತೂಲು ಹಿಡಿದು ನಾಟ್ಯದ ಹಾಗೆ ಹೋರಾಡುವ ಶೈಲಿಯನ್ನು ಜಾನ್ ವೂ 1986ರ ‘ಎ ಬೆಟರ್ ಟುಮಾರೋ’ದಿಂದ ಆಗಲೇ ಜನಪ್ರಿಯ ಮಾಡಿಬಿಟ್ಟಿದ್ದ. ಈ ಎರಡನ್ನೂ ಸ್ಟಹೆಲ್ಸ್ಕಿ ಹತ್ತಿರದಿಂದ ಕಲಿತ. ಹದಿನೈದು ವರ್ಷದ ನಂತರ, ಅದೇ ಕಿಯಾನು ರೀವ್ಸ್‌ನನ್ನು ನಾಯಕನಾಗಿಟ್ಟು ‘ಜಾನ್ ವಿಕ್’ ನಿರ್ದೇಶಿಸಿದ. ಜೊತೆಗೆ ನಿರ್ದೇಶಿಸಿದ ಡೇವಿಡ್ ಲೀಚ್ ಕೂಡ ಸ್ಟಂಟ್‌ಮನ್ನೇ.

ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಸ್ಟಂಟ್‌ಮನ್ ಕಣ್ಣು ಸಿನಿಮಾದ ತುಂಬ ಕಾಣುತ್ತದೆ. ಆ ಕಾಲದ ಬಹಳಷ್ಟು ಆಕ್ಷನ್ ಚಿತ್ರಗಳಲ್ಲಿ ಕ್ಯಾಮೆರಾ ಅಲುಗಾಡುತ್ತಿತ್ತು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೂರು ಕಟ್. ಯಾರು ಯಾರಿಗೆ ಹೊಡೆದರು ಎಂದು ತಿಳಿಯುತ್ತಿರಲಿಲ್ಲ. ಇಲ್ಲಿ ಕ್ಯಾಮೆರಾ ದೂರ ನಿಂತು, ತಲೆಯಿಂದ ಕಾಲಿನ ತನಕ ತೋರಿಸುತ್ತದೆ, ಬೇಗ ಕಟ್ ಮಾಡುವುದಿಲ್ಲ. ಬಿದ್ದವನು ಬಿದ್ದದ್ದು ಪೂರ್ತಿ ಕಾಣುತ್ತದೆ. ರೋಮಿನಲ್ಲಿ ವಿಕ್ ಮತ್ತು ಕ್ಯಾಸಿಯನ್ ಮೆಟ್ಟಿಲ ಮೇಲಿಂದ ಉರುಳುತ್ತಾ ಹೋಗುವುದನ್ನು ನೋಡಿ, ನೋವು ನಮ್ಮ ಬೆನ್ನಿಗೇ ತಟ್ಟುತ್ತದೆ. ಇನ್ನೊಂದು ವಿಷಯ: ವಿಕ್‌ನ ಪಿಸ್ತೂಲಿನಲ್ಲಿ ಗುಂಡು ಖಾಲಿಯಾಗುತ್ತದೆ, ಮತ್ತೆ ತುಂಬಬೇಕಾಗುತ್ತದೆ. ನಮ್ಮ ಹೀರೋಗಳ ಪಿಸ್ತೂಲು ಇಂಟರ್ವಲ್ ತನಕ ಖಾಲಿಯಾಗದು.

ಕೊನೆಯ ಹೊಡೆದಾಟ ಕನ್ನಡಿಗಳ ಕೋಣೆಯಲ್ಲಿ. ‘ಎಂಟರ್ ದಿ ಡ್ರಾಗನ್’ ನೋಡಿದವರಿಗೆ ತಕ್ಷಣ ಹೊಳೆಯುತ್ತದೆ, ಬ್ರೂಸ್ ಲೀ ಕೊನೆಯ ಕಾಳಗವೂ ಕನ್ನಡಿಗಳ ನಡುವೆಯೇ. ಮಗನ ಡ್ಯೂಪ್ ಆಗಿದ್ದವನು ಅಪ್ಪನ ದೃಶ್ಯವನ್ನು ಮತ್ತೆ ಕಟ್ಟಿದ್ದಾನೆ.

ಈ ಸರಣಿಯಲ್ಲಿ ಕೊಲೆಗಳ ಸಂಖ್ಯೆ ಅತಿಯಾಯಿತು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಸತ್ತವರಿಗಾಗಿ ಅಳುವವರು ಒಬ್ಬರೂ ಇಲ್ಲ. ಆದರೆ ಅಷ್ಟೆಲ್ಲ ಗುಂಡು ಹಾರುವುದನ್ನು ತೋರಿಸಲು ನಟರ ಕಡೆಗೆ ನಿಜವಾದ ಗುಂಡು ಹಾರಿಸಬಲ್ಲ ಬಂದೂಕು ಹಿಡಿಯಬೇಕಾಗಿಲ್ಲ ಎಂಬುದು ಸ್ಟಹೆಲ್ಸ್ಕಿಯ ನಿಲುವು. ನಳಿಕೆ ಮುಚ್ಚಿದ ಪಿಸ್ತೂಲು ಹಿಡಿದು ನಟಿಸುವುದು, ಬೆಂಕಿಯ ಮಿಂಚನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುವುದು. ಎಲ್ಲರೂ ಹಾಗೆ ಮಾಡುವುದಿಲ್ಲ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ತಾಲೀಮಿನಲ್ಲಿ ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ವಯಸ್ಸು 42. ಬಂದೂಕುಗಳ ಹೊಣೆ ಹೊತ್ತಿದ್ದ ಯುವತಿಗೆ 2024ರಲ್ಲಿ 18 ತಿಂಗಳ ಜೈಲು ಶಿಕ್ಷೆಯಾಯಿತು. ಬಾಲ್ಡ್‌ವಿನ್ ಮೇಲಿನ ಮೊಕದ್ದಮೆ ವಜಾ ಆಯಿತು.

ಅಮೆರಿಕ ದೂರದ್ದು. ನಮ್ಮ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಶೂಟಿಂಗ್ ನಡೆಯುವಾಗಲೂ ಇಂಥದ್ದೇ ಒಂದು ಸ್ವಲ್ಪದರಲ್ಲಿ ತಪ್ಪಿದೆ. ಕ್ಲೈಮ್ಯಾಕ್ಸ್ ದೃಶ್ಯದಲ್ಲಿ ಧರ್ಮೇಂದ್ರ ಬೇಸರಗೊಂಡು ಬಂದೂಕಿಗೆ ಕೈಗೆ ಸಿಕ್ಕ ತೋಟಾ ತುಂಬಿ ಹಾರಿಸಿದರು, ಅದು ಅಸಲಿ, ತನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು ಎಂದು ಅಮಿತಾಭ್ ಬಚ್ಚನ್ ಅವರೇ ಟಿವಿ ಕಾರ್ಯಕ್ರಮದಲ್ಲಿ ಹೇಳಿಕೊಂಡಿದ್ದಾರೆ. ಅದೇ ಚಿತ್ರದಲ್ಲಿ ಹೇಮಾ ಮಾಲಿನಿಗೆ ಡ್ಯೂಪ್ ಆಗಿ ಟಾಂಗಾ ಓಡಿಸಿ ಪೆಟ್ಟು ತಿಂದ ರೇಷ್ಮಾ ಪಠಾಣ್ ಹೆಸರು ಎಷ್ಟು ಜನಕ್ಕೆ ಗೊತ್ತು?

1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಫೈಟ್‌ನಲ್ಲಿ ಅಮಿತಾಭ್ ಹೊಟ್ಟೆಗೆ ಪೆಟ್ಟು ಬಿದ್ದು ಜೀವಕ್ಕೇ ಕುತ್ತಾಯಿತು. ದೇಶವೆಲ್ಲ ಪೂಜೆ ಮಾಡಿಸಿತು. ಚಿತ್ರ ಬಿಡುಗಡೆಯಾದಾಗ ಆ ದೃಶ್ಯವನ್ನು ಅಲ್ಲೇ ನಿಲ್ಲಿಸಿ, ಪೆಟ್ಟಾದದ್ದು ಈ ಹೊಡೆತದಲ್ಲೇ ಎಂದು ತೆರೆ ಮೇಲೆ ಬರೆದು ತೋರಿಸಿದರು. ಡ್ಯೂಪ್‌ಗಳಿಗೆ ಪೆಟ್ಟಾದಾಗ ಚಿತ್ರ ನಿಲ್ಲುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಕನ್ನಡ ಚಿತ್ರವೊಂದರ ಶೂಟಿಂಗಿನಲ್ಲಿ ಹೈಟೆನ್ಷನ್ ತಂತಿಯ ಕರೆಂಟು ತಗುಲಿ ಸ್ಟಂಟ್ ಕಲಾವಿದರೊಬ್ಬರು ಸತ್ತರು. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಣಂ ಕಡೆ ಕಾರು ಹಾರಿಸುವ ದೃಶ್ಯದಲ್ಲಿ ಇನ್ನೊಬ್ಬರು. ಇಂಥ ಸುದ್ದಿ ಬರೆಯುವಾಗ ಶೀರ್ಷಿಕೆಯಲ್ಲಿ ಹೀರೋ ಹೆಸರು, ಒಳಗೆ ಕೊನೆ ಸಾಲಿನಲ್ಲಿ ಸತ್ತವರ ಹೆಸರು. ಪತ್ರಿಕೆಯವರಾದ ನಮ್ಮ ಅಭ್ಯಾಸವೂ ಅದೇ.

ಗೌರವ ಈಗೀಗ ಬರುತ್ತಿದೆ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಸಾಹಸ ನಿರ್ದೇಶನಕ್ಕೆ ಬಹುಮಾನವಿದೆ, 2018ರ ಸಾಲಿನದ್ದು ‘ಕೆಜಿಎಫ್’ ಮೊದಲ ಭಾಗಕ್ಕೆ ಬಂತು. ಆಸ್ಕರ್‌ನವರು 2025ರ ಏಪ್ರಿಲ್‌ನಲ್ಲಿ ಸ್ಟಂಟ್ ವಿನ್ಯಾಸಕ್ಕೆ ಪ್ರತ್ಯೇಕ ಪ್ರಶಸ್ತಿ ಘೋಷಿಸಿದ್ದಾರೆ. 2027ರಲ್ಲಿ ಬರುವ ಚಿತ್ರಗಳಿಗೆ, 2028ರ ಸಮಾರಂಭದಲ್ಲಿ ಮೊದಲ ಸಲ ಕೊಡುತ್ತಾರೆ. ಇದಕ್ಕಾಗಿ ವರ್ಷಗಟ್ಟಲೆ ಒತ್ತಾಯಿಸಿದವರಲ್ಲಿ ಸ್ಟಹೆಲ್ಸ್ಕಿಯೂ ಇದ್ದಾನೆ.

ಪ್ರಶಸ್ತಿಗಿಂತ ಮೊದಲು ಬೇಕಾದ್ದು ಲೈಫ್ ಜಾಕೆಟ್. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಜಿಗಿದರು. ನಾಯಕ ವಿಜಯ್, ಖಳರ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್. ಅನಿಲ್, ಉದಯ್ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜು ಅಷ್ಟಾಗಿ ಬರುವುದಿಲ್ಲ ಎಂಬ ಮಾತು ಜಿಗಿಯುವ ಮೊದಲೇ ಟಿವಿ ಕ್ಯಾಮೆರಾ ಮುಂದೆ ಬಂದುಹೋಗಿತ್ತು. ವಿಜಯ್ ದಡ ಸೇರಿದರು. ಉಳಿದಿಬ್ಬರು ಕೈ ಬಡಿಯುತ್ತಾ ಮುಳುಗಿದ್ದನ್ನು ರಾಜ್ಯದ ಜನ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದರು, ಅದೂ ಮತ್ತೆ ಮತ್ತೆ. ಶವ ಸಿಗಲು ದಿನಗಳೇ ಹಿಡಿದವು. ಪೊಲೀಸರು ಕೇಸು ಹಾಕಿದರು, ಚಿತ್ರತಂಡದವರ ಬಂಧನವೂ ಆಯಿತು. ಚಿತ್ರ 2017ರ ಮೇ ತಿಂಗಳಲ್ಲಿ, ‘ಜಾನ್ ವಿಕ್ 2’ ಬಂದ ಮೂರು ತಿಂಗಳಿಗೆ, ಬಿಡುಗಡೆಯಾಯಿತು.