ಕಾಳಿನ ಹಂಗ ಕೂಡಿಟ್ಟ ಫಿಲ್ಮು

ರವಿವಾರ ಪೇಟ್ಯಾಗ ವರ್ಷದ ಕಾಳು-ಕಡಿ ತಂದು ಡಬ್ಬಿ ತುಂಬೋದು ನಮಗ ಹೊಸಾದಲ್ಲ. ಹಿಂಗ ಫೋಟೋ ರೋಲೂ ಕೂಡಿಡ್ತಿದ್ರು ಅಂದ್ರ ನಮ್ಮ ಹುಡುಗ್ರು ನಗ್ತಾವು.

1960ರಾಗ ಸರಕಾರ ಊಟಿಯೊಳಗ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಟ್ಟಿತು, 1967ಕ್ಕ ಉತ್ಪಾದನೆ ಸುರು ಆತು. 'ಇಂದು' ಫಿಲ್ಮ್ ಅಲ್ಲಿದs. ಊಟಿನs ಯಾಕ? ತಂಪು, ಧೂಳಿಲ್ಲದ ಹವಾ. ಬಿಸಿಗೆ ಫಿಲ್ಮ್ ಮಬ್ಬಾಗತೈತಿ, ಹಸಿಗೆ ಬೂಸರ ಹಿಡಿತೈತಿ. ನಮ್ಮ ಬೆಳಗಾವಿ ಮಳಿಗಾಲದಾಗ ಹಪ್ಪಳದ ಪಾಡು ಏನೋ ಅದರದೂ ಅದs.

ಅದಕ್ಕ ಬಿಗಿ ಮುಚ್ಚಳದ ಡಬ್ಬಿಯೊಳಗ ಹಾಕಿ ಫ್ರಿಜ್‌ನ್ಯಾಗ, 13 ಡಿಗ್ರಿಗಿಂತ ಕೆಳಗ ಇಡಬೇಕು. ಭಾಳ ವರ್ಷಕ್ಕಾದ್ರ ಫ್ರೀಜರ್. ಹೊರಗ ತೆಗದ ಮ್ಯಾಲೆ ತಾಸೆರಡು ತಾಸು ಡಬ್ಬಿ ತೆರೀಬಾರದು, ತಣ್ಣೀರಿನ ತಂಬಿಗಿ ಹಂಗ ಬೆವರತೈತಿ. ಕಪ್ಪು-ಬಿಳುಪಿಂದು ಭಾಳ ದಿನ ತಾಳತೈತಿ, ಕಲರ್ ಲಗೂನ ಕೆಡತೈತಿ.

ಕೂಡಿಟ್ಟರಷ್ಟs ಸಾಲದು. ಕೊಡಾಕ್‌ನವರು 2009ರಾಗ ಕೊಡಾಕ್ರೋಮ್ ನಿಲ್ಲಿಸಿದ್ರು. ಅದನ್ನ ತೊಳಿಯೋ ಕಡೀ ಲ್ಯಾಬು, ಅಮೆರಿಕದ ಕನ್ಸಾಸ್‌ದಾಗಿಂದು, 2010ರ ಕಡೀಕ ಆ ಕೆಲಸ ಬಿಟ್ಟಿತು. ಆಮ್ಯಾಲೆ ಫ್ರಿಜ್ ತುಂಬ ರೋಲಿದ್ರೂ ಅದರ ಬಣ್ಣ ಬರಂಗಿಲ್ಲ. ಕಾಳೈತಿ, ಗಿರಣಿ ಇಲ್ಲ!

ಹೊಸ ರೋಲು ಕಾಯತೈತಿ, ಫೋಟೋ ತೆಗೆದದ್ದು ಕಾಯಂಗಿಲ್ಲ. ನಿಮ್ಮ ಟ್ರಂಕಿನ್ಯಾಗ ತೊಳಸದ ರೋಲಿದ್ರ ಈ ವಾರನs ಹುಡುಕ್ರೆವ್ವಾ. ಅದರಾಗ ನಮ್ಮ ಯಾವ ಅಜ್ಜಿ ಮಾರಿ ಐತೋ!