ಕೊಡಗಿನಲ್ಲಿ ಕುಟುಂಬದ ವಾರದ ಊಟದ ಯೋಜನೆ

ವಾರದ ಊಟದ ಯೋಜನೆ ಎಂದರೆ ಕುಟುಂಬವೊಂದು ಏಳು ದಿನಗಳ ಅಡುಗೆಯನ್ನು ಮುಂಚಿತವಾಗಿ ನಿರ್ಧರಿಸಿ, ಏನನ್ನು, ಎಷ್ಟು, ಎಷ್ಟು ಬಾರಿ ಉಣ್ಣಬೇಕೆಂಬ ಗುರಿಗಳನ್ನು ಇರಿಸಿಕೊಳ್ಳುವ ಕ್ರಮ. ಕೊಡಗು ಜಿಲ್ಲೆಯಲ್ಲಿ ಇದಕ್ಕೆ ವಾರದ ಸಂತೆ ಮತ್ತು ದೀರ್ಘ ಮಳೆಗಾಲ ಎಂಬ ಎರಡು ಆಧಾರಗಳಿವೆ.

ಸಂತೆ ಮತ್ತು ವಾರ

ಮಡಿಕೇರಿಯಲ್ಲಿ ಶುಕ್ರವಾರ ಸಂತೆ ನೆರೆಯುತ್ತದೆ. ಸೋಮವಾರಪೇಟೆಯ ಹೆಸರಿನಲ್ಲಿಯೇ ವಾರವಿದೆ. ಬೇಗ ಬಾಡುವ ಸೊಪ್ಪನ್ನು ಸಂತೆಯ ಮರುದಿನವೇ ಬಳಸಿ, ಗೆಡ್ಡೆ, ಕುಂಬಳಕಾಯಿ ಮತ್ತು ಕಾಳುಗಳನ್ನು ಮುಂದಿನ ಸಂತೆಯವರೆಗೆ ಉಳಿಸಿಕೊಳ್ಳುವುದು ಯೋಜನೆಯ ಸರಳ ರೂಪ.

ಮಳೆಗಾಲದ ಅಡುಗೆ

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಬೈಂಬಳೆ (ಎಳೆ ಬಿದಿರು), ಕೆಂಬು (ಕೆಸು) ಮತ್ತು ಕುಮ್ಮು (ಅಣಬೆ) ದೊರೆಯುತ್ತವೆ. ಇವು ಸಿದ್ಧತೆಯನ್ನು ಬಯಸುವ ಆಹಾರಗಳು. ಹಸಿ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿರುವುದರಿಂದ ಅದನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸುತ್ತದೆ. ಆದ್ದರಿಂದ ಅದಕ್ಕೆ ಹುಳಿ ಸೇರಿಸುವ ರೂಢಿಯಿದೆ. ಗುರುತು ಖಚಿತವಿಲ್ಲದ ಅಣಬೆಯನ್ನು ತಿನ್ನಬಾರದು.

ಕಕ್ಕಡದ 18ನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಮದ್ದು ಸೊಪ್ಪಿನ (ಜಸ್ಟಿಸಿಯಾ ವೈನಾಡೆನ್ಸಿಸ್) ನೇರಳೆ ಬಣ್ಣದ ರಸದಿಂದ ಪಾಯಸ ಮತ್ತು ಪುಟ್ಟು ಮಾಡುತ್ತಾರೆ. ಅಂದು ಅದರಲ್ಲಿ 18 ಬಗೆಯ ಔಷಧಗಳು ಸೇರಿರುತ್ತವೆ ಎಂಬುದು ನಂಬಿಕೆ. ಇದನ್ನು ತಿಂದ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ. ಆದರೆ ವರ್ಷಕ್ಕೊಮ್ಮೆ ತಿನ್ನುವ ಈ ಸೊಪ್ಪು ವಾರವಾರದ ಸೊಪ್ಪಿಗೆ ಬದಲಿಯಾಗದು.

ಮಳೆಗಾಲಕ್ಕೆಂದು ಕೂಡಿಡುವ ಒಣಮೀನು, ಒಣಗಿಸಿದ ಮಾಂಸ ಮತ್ತು ಉಪ್ಪಿನಕಾಯಿಗಳಲ್ಲಿ ಉಪ್ಪು ಹೆಚ್ಚು. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ಪಾಲಿಸುವ ಮನೆಯು ಇವೆಲ್ಲವನ್ನೂ ಒಂದೇ ದಿನ ಬಡಿಸದೆ ವಾರದಲ್ಲಿ ಹಂಚಿಕೊಳ್ಳಬೇಕಾಗುತ್ತದೆ. ರಕ್ತದೊತ್ತಡವುಳ್ಳವರಿರುವ ಮನೆಯಲ್ಲಿ ಇದು ಮುಖ್ಯ.

ಗುರಿಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು, ಗೆಡ್ಡೆ ಮತ್ತು ಹಣ್ಣುಗಳಿಗೆ ಮೀಸಲು. ಧಾನ್ಯಗಳಿಂದ ಬರುವ ಶಕ್ತಿ ಶೇ. 45ನ್ನು ಮೀರಬಾರದು. ಅಕ್ಕಿ ಒಟ್ಟಿ, ನೂಲ್‌ಪುಟ್ಟು, ಪಾಪುಟ್ಟು, ಕಡಂಬುಟ್ಟು ಎಲ್ಲವೂ ಅಕ್ಕಿಯವೇ ಆದ್ದರಿಂದ ಕೊಡಗಿನ ಊಟಕ್ಕೆ ಇದು ಕಠಿಣ ಗುರಿ. ತಿಂಡಿಯ ಹೆಸರು ಬದಲಾದ ಮಾತ್ರಕ್ಕೆ ಧಾನ್ಯ ಬದಲಾಗುವುದಿಲ್ಲ.

ಪಂದಿ ಕರಿ ಮತ್ತು ಕಡಂಬುಟ್ಟು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ವಿಶೇಷ. ಅಕ್ಟೋಬರಿನ ಕಾವೇರಿ ಸಂಕ್ರಮಣದಂದು ಸಸ್ಯಾಹಾರವೇ ರೂಢಿ. ಕೊಬ್ಬಿನ ಮಾಂಸವನ್ನು ಬಿಡುವುದಕ್ಕಿಂತ ವಾರದ ಒಂದು ಹೊತ್ತಿಗೆ ನಿಗದಿಪಡಿಸುವ ಗುರಿ ಹೆಚ್ಚು ಕಾಲ ಉಳಿಯಬಹುದು. ಹಸಿವನ್ನು ಗಮನಿಸಿ ನಿಧಾನವಾಗಿ ಉಣ್ಣುವುದಕ್ಕೆ ಕಡಂಬುಟ್ಟು ಅನುಕೂಲ: ಅನ್ನದಂತಲ್ಲದೆ, ಈ ಉಂಡೆಗಳನ್ನು ಎಣಿಸಬಹುದು.