ತರಗತಿಯ ಆಚೆಗೂ ಬೋಧನೆ

ಪಾಠಕ್ಕೆ ಬೇಕಾದ ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿಕೊಳ್ಳುವುದು ತಪ್ಪೇ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

1710ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಕೃತಿಸ್ವಾಮ್ಯ ಕಾಯಿದೆ ತನ್ನ ಉದ್ದೇಶ ವಿದ್ಯೆಯ ಉತ್ತೇಜನವೆಂದೇ ಸಾರಿತ್ತು. ಆದ್ದರಿಂದಲೇ ಅದು ಲೇಖಕರಿಗೆ ಹಕ್ಕು ಕೊಟ್ಟರೂ ಅದಕ್ಕೊಂದು ಕಾಲಮಿತಿ ಹಾಕಿತು. ನಮ್ಮ 1957ರ ಕಾಯಿದೆಯ 52ನೆಯ ಕಲಮು, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಮಾಡಿಕೊಳ್ಳುವ ಪ್ರತಿಗಳಿಗೆ ವಿನಾಯಿತಿ ನೀಡಿತು.

ಈ ವಿನಾಯಿತಿ ಒರೆಗೆ ಬಂದದ್ದು 2012ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದು, ಪಠ್ಯಕ್ರಮದಲ್ಲಿ ಸೂಚಿಸಿದ ಅಧ್ಯಾಯಗಳನ್ನು ಒಂದು ಕಟ್ಟಾಗಿಸಿ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದರು. ಇಂಥ ಕಟ್ಟುಗಳಿಗೆ ಪರವಾನಗಿ ಪಡೆದು ಶುಲ್ಕ ತೆರಬೇಕೆಂಬುದು ಅವರ ವಾದ. ದುಬಾರಿ ಪುಸ್ತಕಗಳನ್ನೆಲ್ಲ ಕೊಳ್ಳಲಾಗದ ವಿದ್ಯಾರ್ಥಿಗಳೂ, ಅವರ ಅಧ್ಯಾಪಕರೂ ಸಂಘ ಕಟ್ಟಿಕೊಂಡು ಪ್ರಕರಣದಲ್ಲಿ ಭಾಗಿಗಳಾದರು.

2016ರ ಸೆಪ್ಟೆಂಬರ್ 16ರಂದು ದೆಹಲಿ ಉಚ್ಚ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಕೃತಿಸ್ವಾಮ್ಯವು ದೈವದತ್ತ ಹಕ್ಕಲ್ಲ, ಕಾನೂನು ಕೊಟ್ಟದ್ದು ಎಂದಿತು. ಡಿಸೆಂಬರ್ 9ರಂದು ವಿಭಾಗೀಯ ಪೀಠವೂ ಬೋಧನೆಯೆಂದರೆ ತರಗತಿಯ ಉಪನ್ಯಾಸವಷ್ಟೇ ಅಲ್ಲವೆಂದು ಒಪ್ಪಿತು. ಆದರೆ ನಕಲು ಮಾಡಿದ ಭಾಗಗಳು ಬೋಧನೆಗೆ ನಿಜಕ್ಕೂ ಅಗತ್ಯವಿದ್ದವೇ ಎಂಬುದನ್ನು ವಿಚಾರಣೆಗೆ ಮರಳಿಸಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ಹಾಗಾಗಿ ಈ ತೀರ್ಪು ಬೇಕಾದಂತೆ ನಕಲು ಮಾಡಲು ಕೊಟ್ಟ ರಹದಾರಿಯಲ್ಲ. ಕಲಿಕೆಗೆ ಎಷ್ಟು ಅಗತ್ಯವೋ ಅಷ್ಟೇ ಅದರ ಅಳತೆಗೋಲು.